ಒಳಗೋಡೆ ಮತ್ತು ಮುಚ್ಚಿಗೆಗಳ ಬಣ್ಣಕ್ಕೆ ಅಡಿಲೇಪದ ಅವಶ್ಯಕತೆ

ಸುಳ್ಯ ತಾಲೂಕಿನ ಗುತ್ತಿಗಾರು ಪ್ರಾಂತ್ಯದಲ್ಲಿ ಬಹಳ ಖರ್ಚು ಮಾಡಿ ಮನೆಯ ಒಳಗೋಡೆಗಳಿಗೆ ಬಳಿಸಿದ ಬಣ್ಣವು ಎರಡನೆಯ ಮಳೆಗಾಲವು ಮುಗಿಯುವುದರೊಳಗಾಗಿ ಹಪ್ಪಳದಂತೆ ಎದ್ದು ಉದುರುವುದು ಅಪರೂಪವಲ್ಲ. ಹೀಗಾದಾಗ ಬಣ್ಣದ ಡಬ್ಬಿಯನ್ನಾಗಲಿ ಬಣ್ಣಗಾರನನ್ನಾಗಲಿ ದೂಷಿಸುವುದು ವಾಡಿಕೆಯಾಗಿದೆ. ಆದರೆ ಹೆಚ್ಚಿನ ಪ್ರಸಂಗಗಳಲ್ಲಿ ದೋಷವಿರುವುದು ಬಣ್ಣದಲ್ಲಿ ಅಲ್ಲ. ಅದರ ಕೆಳಗೆ ಇರಬೇಕಾಗಿದ್ದ ಅಡಿಲೇಪವು ಇಲ್ಲದಿರುವುದರಲ್ಲಿ, ಇಲ್ಲವೆ ಅಡಿಲೇಪವನ್ನು ತಕ್ಕ ಗೋಡೆಗೆ ತಕ್ಕ ಕಾಲದಲ್ಲಿ ಹಾಕದಿರುವುದರಲ್ಲಿ.

ಅಂಗಡಿಗಳಲ್ಲಿ ಪ್ರೈಮರ್ ಎಂದು ಕರೆಯಲ್ಪಡುವ ಈ ಅಡಿಲೇಪದ ಕೆಲಸವನ್ನು ಅಡಿಕೆ ತೋಟದವರಿಗೆ ವಿವರಿಸುವುದು ಕಷ್ಟವಲ್ಲ. ಕೊಳೆರೋಗದ ನಿವಾರಣೆಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವಾಗ, ಮಳೆಗೆ ತೊಳೆದುಹೋಗದಂತೆ ಅದಕ್ಕೆ ರಾಳದ ಅಂಟನ್ನು ಸೇರಿಸುವುದುಂಟಷ್ಟೆ. ಆ ಅಂಟು ಗೊನೆಗೂ ಔಷಧಕ್ಕೂ ನಡುವೆ ಮಾಡುವ ಕೆಲಸವನ್ನೇ ಅಡಿಲೇಪವು ಗೋಡೆಗೂ ಬಣ್ಣಕ್ಕೂ ನಡುವೆ ಮಾಡುವುದು. ಇದಲ್ಲದೆ ಗೋಡೆಯ ಹೀರುವಿಕೆಯನ್ನು ಎಲ್ಲ ಕಡೆಗಳಲ್ಲಿಯೂ ಸಮನಾಗಿಸುವುದರಿಂದ ಬಣ್ಣವು ಒಂದೆಡೆ ಮಂಕಾಗಿ ಒಂದೆಡೆ ಹೊಳೆಯುವುದು ತಪ್ಪುವುದು. ಬೆಲೆಯುಳ್ಳ ಬಣ್ಣವನ್ನು ಗಾರೆಯು ಕುಡಿದುಬಿಡುವುದೂ ನಿಲ್ಲುವುದು.

ಈ ಸೀಮೆಯ ಗೋಡೆಗಳು ಬಹುಮಟ್ಟಿಗೆ ಮುರಕಲ್ಲಿನವು. ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸದ ವರದಿಯಲ್ಲಿ ಫ್ರಾನ್ಸಿಸ್ ಬುಕಾನನ್ನನು ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನಿತ್ತನು; ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಯೆಂಬ ಅರ್ಥವುಳ್ಳ ಶಬ್ದದಿಂದ ಅದು ಬಂದಿರುವುದು. ಕಡಿಯುವಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನ ತುಂಬ ರಂಧ್ರಗಳು. ಜಿಲ್ಲೆಯ ವಾರ್ಷಿಕ ಮಳೆಯು ೪,೦೦೦ ಮಿಲಿಮೀಟರಿಗೆ ಹತ್ತಿರವಾಗಿದ್ದು, ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುವುದರಿಂದ, ಅಂತಹ ಗೋಡೆಯು ಎಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದೆಂಬುದನ್ನು ಊಹಿಸಬಹುದು. ದೀಪಾವಳಿಗೆ ಮನೆಯು ಹೊಸದಾಗಿ ಕಾಣಬೇಕೆಂಬ ಆಸೆ ಸಹಜವೇ ಸರಿ. ಆದರೆ ಆಗ ಗೋಡೆಯ ಹೊರಮೈ ಮಾತ್ರ ಒಣಗಿದ್ದು ಒಳಗೆ ಶ್ರಾವಣದ ನೀರು ಉಳಿದಿರುವುದು. ಜನವರಿಯಿಂದ ಮಾರ್ಚಿನವರೆಗಿನ ಕಾಲವೇ ಈ ಕೆಲಸಕ್ಕೆ ಪ್ರಶಸ್ತವಾದುದು. ಅಡಿಕೆ ಒಣಗಿಸುವ ಕೆಲಸವೂ ಆಗಲೇ ಇರುವುದರಿಂದ ಆಳುಗಳ ಅಭಾವವುಂಟೆಂಬುದು ನಿಜವಾದರೂ, ಅಂಗಳದಲ್ಲಿ ಅಡಿಕೆಯನ್ನು ಒಣಗಿಸುವ ಬಿಸಿಲೇ ಗೋಡೆಯನ್ನೂ ಒಣಗಿಸುವುದು.

ಗೋಡೆ ಒಣಗಿದೆಯೋ ಇಲ್ಲವೋ ಎಂಬುದನ್ನು ಕೈಯಿಂದ ಮುಟ್ಟಿ ತೀರ್ಮಾನಿಸಬಾರದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚುಗಳಲ್ಲಿ ಗಾಳಿಯಾಡದಂತೆ ಗೋಡೆಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ ಅಥವಾ ಅಡಿಯ ಗಾರೆ ಕಪ್ಪಾದರೆ ಅಡಿಲೇಪಕ್ಕೆ ಇನ್ನೂ ಕಾಲ ಬಂದಿಲ್ಲ. ನೆಲದಿಂದ ಎರಡು ಮೂರು ಅಡಿಗಳವರೆಗೆ ಮಾತ್ರ ಪ್ರತಿವರ್ಷವೂ ಒದ್ದೆಯೇರುವ ಗೋಡೆಯಾದರೆ, ತಳಪಾಯದಿಂದಲೇ ನೀರು ಏರುತ್ತಿರುವುದು. ಹೊರಗಿನ ಚರಂಡಿಯನ್ನೂ ಮಾಡಿನ ನೀರು ಬೀಳುವ ಸ್ಥಳವನ್ನೂ ಸರಿಪಡಿಸದೆ ಅಂತಹ ಗೋಡೆಗೆ ಎಷ್ಟು ಬೆಲೆಯ ಅಡಿಲೇಪವನ್ನು ಬಳಿದರೂ ಹಣ ನಷ್ಟವೇ. ಒದ್ದೆಯನ್ನು ಗುಣಪಡಿಸುವುದು ಅಡಿಲೇಪದ ಕೆಲಸವಲ್ಲ.

ಹಳೆಯ ಮನೆಗಳಲ್ಲಿ ಇನ್ನೊಂದು ತೊಡಕುಂಟು. ತಲೆಮಾರುಗಳಿಂದ ವರ್ಷಂಪ್ರತಿ ಹೊಡೆದ ಸುಣ್ಣವು ಪದರ ಪದರವಾಗಿ ಕುಳಿತಿರುವುದು. ಅಂಗೈಯಿಂದ ಉಜ್ಜಿದಾಗ ಬಿಳಿ ಹುಡಿ ಹತ್ತಿದರೆ ಆ ಸುಣ್ಣಕ್ಕೆ ಗೋಡೆಯ ಮೇಲೆ ಹಿಡಿತವಿಲ್ಲವೆಂದು ತಿಳಿಯಬೇಕು. ಅದರ ಮೇಲೆ ಬಳಿದ ಅಡಿಲೇಪವು ಸುಣ್ಣವನ್ನು ಹಿಡಿಯುವುದೇ ಹೊರತು ಗೋಡೆಯನ್ನಲ್ಲ. ಬಣ್ಣವು ಒಣಗಿ ಬಿಗಿದಾಗ ಮೂರೂ ಒಟ್ಟಿಗೆ ಕಳಚುವುವು. ಆದಕಾರಣ ಸಡಿಲವಾದ ಸುಣ್ಣವನ್ನೆಲ್ಲ ಗಾರೆ ಕಾಣುವವರೆಗೆ ಕೆರೆದು, ಹುಡಿಯನ್ನು ಒರಸಿ ತೆಗೆದ ಮೇಲೆಯೇ ಮುಂದುವರಿಯತಕ್ಕದ್ದು. ಬಣ್ಣಗಾರರು ತಪ್ಪಿಸಿಕೊಳ್ಳಲೆಳಸುವ ಕೆಲಸ ಇದೇ ಆಗಿರುವುದರಿಂದ ಮನೆಯ ಯಜಮಾನನು ಎದುರಿಗಿದ್ದು ಮಾಡಿಸುವುದು ಲೇಸು. ಬೂಷ್ಟು ಹಿಡಿದ ಭಾಗಗಳನ್ನು ಬ್ಲೀಚಿಂಗ್ ಹುಡಿಯ ನೀರಿನಿಂದ ತೊಳೆದು ಒಣಗಿಸಬೇಕು. ಗಾರೆಯಿಂದ ಹೊರಬಂದ ಉಪ್ಪಿನ ಬಿಳಿ ಹೂವನ್ನಾದರೋ ನೀರು ಸೋಕಿಸದೆ ಒಣ ಕುಂಚದಿಂದಲೇ ತೆಗೆಯಬೇಕು; ತೊಳೆದರೆ ಉಪ್ಪು ಕರಗಿ ಪುನಃ ಒಳಸೇರುವುದು.

ಹೊಸ ಸಿಮೆಂಟಿನ ಗಾರೆಯಲ್ಲಿ ಅಪಾಯವು ಬೇರೆ ವಿಧವಾದುದು. ಅದರ ತೀವ್ರ ಕ್ಷಾರಗುಣವು ಎಣ್ಣೆಯ ಬಣ್ಣವನ್ನು ಸಾಬೂನಿನಂತೆ ಮಾಡಿ ಮೆತ್ತಗಾಗಿಸುವುದು. ಕನಿಷ್ಠ ೨೮ ದಿನಗಳು ಕಳೆದು, ಮೇಲೆ ಹೇಳಿದ ಹಾಳೆಯ ಪರೀಕ್ಷೆಯೂ ಆದ ನಂತರ ಕ್ಷಾರವನ್ನು ತಡೆಯುವ ಸಿಮೆಂಟ್ ಪ್ರೈಮರನ್ನು ಹಾಕಬೇಕು. ಪುಟ್ಟಿಯ ವಿಷಯದಲ್ಲಿ ಜನರಿಗೆ ಗೊಂದಲವುಂಟು: ಬಿಳಿ ಸಿಮೆಂಟಿನ ಪುಟ್ಟಿಯನ್ನು ತುಸು ತೇವ ಮಾಡಿದ ಗಾರೆಯ ಮೇಲೆ ನೇರವಾಗಿ ಎಳೆದು, ಒಣಗಿದ ಮೇಲೆ ಅಡಿಲೇಪವನ್ನು ಕೊಡುವರು, ಅಕ್ರಿಲಿಕ್ ಪುಟ್ಟಿಗಾದರೆ ಮೊದಲೂ ಅಡಿಲೇಪ ಬೇಕು, ಅನಂತರವೂ ಬೇಕು.

ಮುಚ್ಚಿಗೆಯನ್ನು ಗೋಡೆಗಿಂತ ಮೊದಲೇ ಮುಗಿಸತಕ್ಕದ್ದು. ಮರದ ಮುಚ್ಚಿಗೆಗೆ ತಿಳಿಬಣ್ಣವನ್ನು ಬಳಿದರೆ ಮರದ ಒಗರು ಕಂದುಕಲೆಯಾಗಿ ಹೊರಬರುವುದು. ಸೌದೆ ಒಲೆಯ ಅಡುಗೆಮನೆಯ ಮಸಿಯೂ ಹಾಗೆಯೇ. ನೀರಿನ ಅಡಿಲೇಪವು ಅದನ್ನು ತಡೆಯಲಾರದು. ಸೋಡಾ ನೀರಿನಿಂದ ಜಿಡ್ಡನ್ನು ತೊಳೆದು, ಒಣಗಿದ ಮೇಲೆ ಅರಗಿನ ಅಥವಾ ಎಣ್ಣೆಯ ಅಡಿಲೇಪವನ್ನು ಕೊಡಬೇಕು.

ಚಾಲಿ ಅಡಿಕೆಯನ್ನು ಧಾರಣೆಗಾಗಿ ವರ್ಷಗಟ್ಟಲೆ ಕಾಯಿಸುವ ದಾಸ್ತಾನು ಕೋಣೆಗೆ ಮಾತ್ರ ಅಡಿಲೇಪವೂ ಬಣ್ಣವೂ ಬೇಡವೆನ್ನುವುದೇ ಯುಕ್ತ. ಸುಣ್ಣದ ಗೋಡೆಯು ತೇವವನ್ನು ಹೀರಿ ಪುನಃ ಗಾಳಿಗೆ ಬಿಡುವುದು. ಅದರ ಕ್ಷಾರವು ಬೂಷ್ಟನ್ನು ಸುಲಭವಾಗಿ ಬೆಳೆಯಗೊಡದು. ನುಣ್ಣನೆಯ ಬಣ್ಣದ ಗೋಡೆಯ ಮೇಲೆ ಆಷಾಢದಲ್ಲಿ ನೀರು ಹನಿಗಟ್ಟಿ ಗೋಣಿಗೆ ಇಳಿಯುವುದು. ಬೂಷ್ಟು ಹಿಡಿದ ಅಡಿಕೆಯ ಬೆಲೆಯೇನೆಂದು ಬೆಳೆಗಾರರಿಗೆ ಹೇಳಬೇಕಾದುದಿಲ್ಲ. ಅಲ್ಲಿ ವರ್ಷಕ್ಕೊಮ್ಮೆ ಸುಣ್ಣ ಹೊಡೆದು, ಮೂಟೆಗಳನ್ನು ಹಲಗೆಯ ಮೇಲೆ ಗೋಡೆಯಿಂದ ಒಂದು ಅಡಿ ದೂರವಿರಿಸಿದರೆ ಸಾಕು.

ಗ್ರಾಮದ ಮುಖಂಡರು ಶಾಲೆ, ಅಂಗನವಾಡಿಗಳಿಗೆ ಬಣ್ಣ ಹಾಕಿಸುವಾಗ ಗಮನಿಸಬೇಕಾದ ಒಂದು ವಿಷಯವುಂಟು. ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ ೯೦ ಭಾಗವನ್ನು ಮೀರಕೂಡದೆಂದು ಭಾರತ ಸರ್ಕಾರವು ೨೦೧೬ರಲ್ಲಿ ಮಾಡಿದ ನಿಯಮವು ೨೦೧೭ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅದಕ್ಕೆ ಹಿಂದೆ ಬಳಿದ ಎಣ್ಣೆಬಣ್ಣದಲ್ಲಿ ಸೀಸವು ಹೆಚ್ಚಿರಬಹುದು; ಅದು ಮಕ್ಕಳ ಮೆದುಳಿಗೆ ಹಾನಿಕರವಾದುದು. ಅಂತಹ ಬಣ್ಣವನ್ನು ಒಣದಾಗಿ ಉಜ್ಜಿಸದೆ, ನೀರು ಚಿಮುಕಿಸಿ ಕೆರೆಯಿಸಿ, ಮಕ್ಕಳು ಬರುವ ಮೊದಲು ನೆಲವನ್ನು ಒದ್ದೆಬಟ್ಟೆಯಿಂದ ಒರಸಿಸಬೇಕು.

ಖರ್ಚಿನ ಅಂದಾಜಿಗೆ: ೧೨ ಅಡಿ ಉದ್ದ, ೧೦ ಅಡಿ ಅಗಲ, ೧೦ ಅಡಿ ಎತ್ತರದ ಕೋಣೆಯಲ್ಲಿ ಗೋಡೆಗಳು ೪೪೦ ಚದರ ಅಡಿ, ಮುಚ್ಚಿಗೆ ೧೨೦ ಚದರ ಅಡಿ. ಬಾಗಿಲು ಕಿಟಕಿಗಳಿಗೆ ೬೦ ಕಳೆದರೆ ಉಳಿಯುವುದು ೫೦೦. ನುಣುಪಾದ ಗಾರೆಗೆ ಲೀಟರಿಗೆ ಸುಮಾರು ೧೦೦ ಚದರ ಅಡಿಯಂತೆ ಒಂದು ಕೋಟಿಗೆ ೫ ಲೀಟರು ಬೇಕಾಗುವುದು. ಒರಟಾದ ಹಳೆಯ ಗಾರೆಯು ಇನ್ನೂ ಹೆಚ್ಚು ಕುಡಿಯುವುದು. ಲಾಭದ ಆಸೆಯಿಂದ ಡಬ್ಬಿಯ ಮೇಲೆ ಸೂಚಿಸಿರುವುದಕ್ಕಿಂತ ಹೆಚ್ಚು ನೀರನ್ನು ಬೆರೆಸಿದರೆ ಅಂಟಿನ ಅಂಶವೇ ತೆಳುವಾಗಿ ಅಡಿಲೇಪವು ಹೆಸರಿಗೆ ಮಾತ್ರ ಉಳಿಯುವುದು. ಆದುದರಿಂದ ಬೆರೆಸುವ ಹೊತ್ತಿಗೆ ಅಳತೆಯ ಪಾತ್ರೆಯು ಯಜಮಾನನ ಕೈಯಲ್ಲಿರಲಿ.