ಮನೆಯ ವೈಫೈ ಪೆಟ್ಟಿಗೆಗಳಿಗೆ ಹೆಸರಿಡುವ ಬಗೆ

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ರೇಡಿಯೋ ಪ್ರಸಾರ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬುದು ಆ ಕೇಂದ್ರದ ಹೆಸರು. ಮುಂದೆ ಆ ಹೆಸರು ಇಡೀ ದೇಶದ ರೇಡಿಯೋಗೆ ಸಂದಿತು. ಎಷ್ಟು ಊರುಗಳಲ್ಲಿ ಎಷ್ಟು ಪ್ರಸಾರ ಯಂತ್ರಗಳಿದ್ದರೂ ಕೇಳುವವನ ಪಾಲಿಗೆ ಅವೆಲ್ಲ ಆಕಾಶವಾಣಿಯೇ. ಅದೇ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಅನೇಕ ಮನೆಗಳಲ್ಲಿ ಇಂದು ಪುಟ್ಟ ಪ್ರಸಾರ ಕೇಂದ್ರಗಳಿವೆ. ನಾವು ಅವನ್ನು ವೈಫೈ ಪೆಟ್ಟಿಗೆ ಎನ್ನುತ್ತೇವೆ. ಪ್ರತಿಯೊಂದು ಪೆಟ್ಟಿಗೆಯೂ ಸೆಕೆಂಡಿಗೆ ಸುಮಾರು 10 ಸಲ ತನ್ನ ಹೆಸರನ್ನು ಗಾಳಿಯಲ್ಲಿ ಸಾರುತ್ತಿರುತ್ತದೆ.

ಒಂದು ಪೆಟ್ಟಿಗೆ ಸಾಲದೆ ಎರಡು ಮೂರನ್ನು ಇಟ್ಟಾಗ ಅವಕ್ಕೆಲ್ಲ ಒಂದೇ ಹೆಸರಿರಬೇಕೋ, ಬೇರೆಬೇರೆ ಇರಬೇಕೋ? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಮಾತಿನ ನಡುವೆ ಫೋನು ಕಡಿದುಹೋಗುವುದೂ ಹೋಗದಿರುವುದೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಈ ಸೀಮೆಯ ಹಳೆಯ ತೊಟ್ಟಿಮನೆಯೊಂದನ್ನು ಊಹಿಸಿಕೊಳ್ಳೋಣ. ಮೊಳ ದಪ್ಪದ ಮಣ್ಣಿನ ಗೋಡೆ, ನಡುವೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಹಿಂದೆ ಕೊಟ್ಟಿಗೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆಯಾದರೆ ಹೊಲದಂಚಿನಲ್ಲಿ ತಂಬಾಕು ಹದಮಾಡುವ ಬ್ಯಾರನ್. ವೈಫೈ ಬಳಸುವ ಅಲೆಗಳಲ್ಲಿ ಮುಖ್ಯವಾದವು ಎರಡು ಬಗೆ. 2.4 ಗಿಗಾಹರ್ಟ್ಸಿನ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರು, 5 ಗಿಗಾಹರ್ಟ್ಸಿನದು ಸುಮಾರು 6. ಗಿಡ್ಡ ಅಲೆ ಹೆಚ್ಚು ಮಾಹಿತಿಯನ್ನು ಹೊರಬಲ್ಲದು. ಆದರೆ ದಪ್ಪ ಗೋಡೆಗೆ ಬೇಗ ಸೋಲುತ್ತದೆ. ತೆರೆದ ತೊಟ್ಟಿಯನ್ನು ಅಲೆ ಸಲೀಸಾಗಿ ದಾಟುತ್ತದೆ. ಗೋಡೆಯನ್ನು ಓರೆಯಾಗಿ ಹಾಯಬೇಕಾದಲ್ಲಿ ಮಾತ್ರ ಅದರ ಪಾಲಿಗೆ ಗೋಡೆ ಇನ್ನಷ್ಟು ದಪ್ಪವಾಗುತ್ತದೆ. ಒದ್ದೆ ಮಣ್ಣಾದರೆ ಹೇಳುವುದೇ ಬೇಡ. ತಗಡು ಅದನ್ನು ಹಿಂದಕ್ಕೇ ಎಸೆಯುತ್ತದೆ. ಆದ್ದರಿಂದ ಜಗಲಿಯ ಕೋಣೆಯಲ್ಲಿ ಒಂದು, ಹಿತ್ತಲ ಕಡೆ ಒಂದು, ಬ್ಯಾರನ್ನಿನ ಬಳಿ ಒಂದು ಎಂದು ಪೆಟ್ಟಿಗೆಗಳು ಬೇಕಾಗುತ್ತವೆ. ಎಲೆ ಹದವಾಗುವ ದಿನಗಳಲ್ಲಿ ಶಾಖವನ್ನು ನೋಡಿಕೊಳ್ಳುತ್ತ ಇರುಳೆಲ್ಲ ಒಬ್ಬರು ಎಚ್ಚರವಾಗಿರಬೇಕು. ಅಂಥವರಿಗೆ ಮನೆಯವರೊಡನೆ ಮಾತು ಕಡಿಯದಿರುವುದು ವಿಲಾಸದ ವಿಷಯವಲ್ಲ.

ಈಗ ಫೋನಿನ ನಡತೆಯನ್ನು ನೋಡೋಣ. ಯಾವ ಪೆಟ್ಟಿಗೆಗೆ ಅಂಟಿಕೊಳ್ಳಬೇಕು, ಯಾವಾಗ ಬಿಡಬೇಕು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಪೆಟ್ಟಿಗೆಯಲ್ಲ, ಫೋನು. ಒಂದೇ ಹೆಸರು, ಒಂದೇ ಗುಪ್ತಪದ, ಒಂದೇ ಬಗೆಯ ಭದ್ರತೆ ಇರುವ ಪೆಟ್ಟಿಗೆಗಳನ್ನೆಲ್ಲ ಅದು ಒಂದೇ ಜಾಲವೆಂದು ಬಗೆಯುತ್ತದೆ. ಹಿಡಿದಿರುವುದು ಕ್ಷೀಣಿಸಿದಾಗ ಅದೇ ಹೆಸರಿನ ಬೇರೊಂದನ್ನು ಹುಡುಕಿ ಅದಕ್ಕೆ ಜಾರುತ್ತದೆ. ಹೆಸರು ಬೇರೆಯಾದರೆ ಅದು ಬೇರೆಯೇ ಜಾಲ. ಆಗ ಫೋನು ಸಾಮಾನ್ಯವಾಗಿ ಹಳೆಯದನ್ನು ಕೊನೆಯ ಉಸಿರಿನವರೆಗೆ ಹಿಡಿದಿದ್ದು, ಅದು ಪೂರ್ತಿ ಕಡಿದ ಮೇಲೆಯೇ ಮತ್ತೊಂದನ್ನು ಅರಸುತ್ತದೆ. ಮಾತು ನಿಲ್ಲುವುದು ಆ ನಡುವೆ.

ಎಲ್ಲಕ್ಕೂ ಒಂದೇ ಹೆಸರಾದರೆ ಯಾರು ಯಾರೆಂದು ತಿಳಿಯುವುದು ಹೇಗೆ ಎಂದು ವಾಚಕರು ಕೇಳಬಹುದು. ಹೆಸರು ಮನೆತನದ್ದಿದ್ದಂತೆ. ಅದಲ್ಲದೆ ಪ್ರತಿ ಪೆಟ್ಟಿಗೆಗೂ 48 ಬಿಟ್ಟುಗಳ ಒಂದು ಸ್ವಂತ ಅಂಕಿ ಉಂಟು. ಫೋನು ಮಾತನಾಡಿಸುವುದು ಆ ಅಂಕಿಯನ್ನು.

ಆದುದರಿಂದ ಹೆಸರು ಒಂದೇ ಇರಲಿ ಎಂಬುದೇ ನಮ್ಮ ಅಭಿಪ್ರಾಯ. ಬದಲಾಗಬೇಕಾದುದು ಚಾನಲು. 2.4 ಗಿಗಾಹರ್ಟ್ಸಿನಲ್ಲಿ 1, 6, 11 ಎಂಬ ಚಾನಲುಗಳು ಒಂದರ ಮೇಲೊಂದು ಬೀಳುವುದಿಲ್ಲ. ನೆರೆಯ ಪೆಟ್ಟಿಗೆಗಳಿಗೆ ಇವನ್ನು ಹಂಚಿಕೊಡಬೇಕು. ಇನ್ನೊಂದು ತೊಡಕು ಹೆಸರಿನದಲ್ಲದಿದ್ದರೂ ಅಪವಾದ ಬರುವುದು ಹೆಸರಿನ ಮೇಲೆಯೇ. ಅಂಗಡಿಯಿಂದ ತಂದ ಎರಡನೆಯ ರೌಟರನ್ನು ಹಾಗೆಯೇ ಜೋಡಿಸಿದರೆ ಅದು ತಾನೇ ಇನ್ನೊಬ್ಬ ಯಜಮಾನನಾಗಿ ಫೋನುಗಳಿಗೆ ಬೇರೆ ವಿಳಾಸಗಳನ್ನು ಕೊಡತೊಡಗುತ್ತದೆ. ಆಗ ಹೆಸರು ಒಂದೇ ಇದ್ದರೂ, ಫೋನು ಕೋಣೆ ದಾಟಿದೊಡನೆ ಅದರ ವಿಳಾಸ ಬದಲಾಗಿ ಮಾತು ಕಡಿಯುತ್ತದೆ. ವಿಳಾಸ ಕೊಡುವ ಅಧಿಕಾರ ಮೊದಲನೆಯದಕ್ಕೆ ಮಾತ್ರ ಇರಬೇಕು; ಉಳಿದವನ್ನು 'ಆಕ್ಸೆಸ್ ಪಾಯಿಂಟ್' ಎಂಬ ಸ್ಥಿತಿಯಲ್ಲಿಡಬೇಕು. ಅವನ್ನು ತಂತಿಯಿಂದ ಜೋಡಿಸುವುದು ಉತ್ತಮ. ತಾಮ್ರದ ಜಾಲತಂತಿ 100 ಮೀಟರಿನವರೆಗೆ ಸಲ್ಲುತ್ತದೆ. ಬ್ಯಾರನ್ನಿನವರೆಗೆ ಬಯಲಲ್ಲಿ ಎಳೆಯುವುದಾದರೆ ಮುಂಗಾರಿನ ಸಿಡಿಲನ್ನು ನೆನೆದು ಗಾಜಿನ ಎಳೆಯ ತಂತಿಯನ್ನೇ ಆರಿಸುವುದು ಮೇಲು.

ಪೆಟ್ಟಿಗೆಗಳ ಬಲವನ್ನೆಲ್ಲ ಹೆಚ್ಚಿಸಿಡುವುದೂ ಜಾಣತನವಲ್ಲ. ಜಗಲಿಯ ಪೆಟ್ಟಿಗೆಯ ಕೂಗು ಹಿತ್ತಲಿಗೂ ಕೇಳುತ್ತಿದ್ದರೆ ಫೋನು ಅದನ್ನು ಬಿಡುವುದೇ ಇಲ್ಲ. ಪಕ್ಕದಲ್ಲಿಯೇ ಇರುವ ಪೆಟ್ಟಿಗೆ ವ್ಯರ್ಥವಾಗುತ್ತದೆ.

ಬೇರೆ ಹೆಸರು ತಕ್ಕುದಾಗುವ ಸಂದರ್ಭಗಳೂ ಉಂಟು. ಅತಿಥಿಗಳ ಜಾಲ ಒಂದು. 2.4 ಗಿಗಾಹರ್ಟ್ಸನ್ನು ಮಾತ್ರ ಬಲ್ಲ ಅಗ್ಗದ ಕ್ಯಾಮರಾ ಮೊದಲಾದ ಉಪಕರಣಗಳು ಇನ್ನೊಂದು. ಜೋಡಿಸುವಾಗ ಅವು ತಬ್ಬಿಬ್ಬಾಗದಂತೆ ಆ ಅಲೆಗೆ ಪ್ರತ್ಯೇಕ ಹೆಸರು ಕೊಡಬಹುದು.

ಹೆಸರು ಕನ್ನಡದಲ್ಲಿರಬಾರದೆ? ಧಾರಾಳವಾಗಿ ಇರಬಹುದು, ಆದರೆ ಜಾಗ ಕಡಮೆ. ಹೆಸರಿಗೆ ಮೀಸಲಾದುದು 32 ಬೈಟುಗಳು. ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಈಗ ರೂಢಿಯಲ್ಲಿರುವ ಯುಟಿಎಫ್-8 ಬರಹದಲ್ಲಿ ಕನ್ನಡದ ಮೂಲಾಕ್ಷರ, ಸ್ವರಚಿಹ್ನೆ, ಒತ್ತಿಗೆ ಮೊದಲು ಬರುವ ಅರ್ಧಚಿಹ್ನೆ, ಇವು ಒಂದೊಂದಕ್ಕೂ ಮೂರು ಬೈಟು. ನಮ್ಮ ನಾಲ್ಕು ತಾಲ್ಲೂಕುಗಳನ್ನೇ ಅಳೆದು ನೋಡಿದೆವು. 'ಹುಣಸೂರು' 21 ಬೈಟುಗಳಲ್ಲಿ ಸುಖವಾಗಿ ಕೂರುತ್ತದೆ. 'ಹೆಗ್ಗಡದೇವನಕೋಟೆ'ಗೆ 42 ಬೇಕು, ಹಿಡಿಸದು. 'ಪಿರಿಯಾಪಟ್ಟಣ', 'ಕೃಷ್ಣರಾಜನಗರ' ಎರಡೂ 33. ಒಂದೇ ಒಂದು ಬೈಟಿನಿಂದ ಹೊರಗುಳಿಯುತ್ತವೆ! 'ಕೆ.ಆರ್.ನಗರ' ಎಂದರೆ 26, 'ಎಚ್.ಡಿ.ಕೋಟೆ' ಎಂದರೆ 29. ಬಸ್ಸಿನ ಫಲಕದ ಸಂಕ್ಷೇಪ ಇಲ್ಲಿಯೂ ನಡೆಯುತ್ತದೆ. ಪಿರಿಯಾಪಟ್ಟಣದವರಿಗೆ ಆ ಉಪಾಯವೂ ಇಲ್ಲ. ಅವರು ತಮ್ಮ ಬೀದಿಯ ಹೆಸರನ್ನೋ ಮನೆಯ ಮುಂದಿನ ಮರದ ಹೆಸರನ್ನೋ ಇಟ್ಟುಕೊಳ್ಳಬಹುದು. 'ಹೊಂಗೆ' ಎಂದರೆ 15 ಬೈಟಿನಲ್ಲಿ ಮುಗಿಯುತ್ತದೆ.