ಏಪ್ರನ್ನಿನಲ್ಲಿ ಹೊತ್ತು ತಂದ ಪುಸ್ತಕಗಳು

ಐವರು ನೇಕಾರರು. ಒಬ್ಬೊಬ್ಬರ ಮನೆಯಲ್ಲೂ ಇದ್ದದ್ದು ಬೆರಳೆಣಿಕೆಯಷ್ಟು ಪುಸ್ತಕ. ಅವನ್ನೆಲ್ಲ ಒಟ್ಟುಮಾಡಿ ಒಂದು ಮಗ್ಗದ ಮನೆಯಲ್ಲಿಟ್ಟು, ಬೇಕಾದವರು ಒಯ್ದು ಓದಿ ತಂದುಕೊಡಲಿ ಎಂದರು. ಜಾಗ ಬದಲಿಸುವ ಪ್ರಸಂಗ ಬಂದಾಗ, ನೇಯುವಾಗ ಕಟ್ಟಿಕೊಳ್ಳುವ ಏಪ್ರನ್ನಿನ ಮಡಿಲಿಗೆ ಒಂದಷ್ಟು, ಒಲೆಗೆ ಕಲ್ಲಿದ್ದಲು ತುಂಬಿಡುವ ಎರಡು ಡಬ್ಬಗಳಿಗೆ ಒಂದಷ್ಟು ಹಾಕಿಕೊಂಡು ತಾವೇ ಹೊತ್ತು ನಡೆದರು. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ಊರಿನಲ್ಲಿ ಪುಸ್ತಕ ಎರವಲು ಕೊಡುವ ಪದ್ಧತಿ ಶುರುವಾದದ್ದು ಹೀಗೆ. ಆ ಪುಸ್ತಕಗಳು ಒಟ್ಟು ಏಳು ಸಲ ಮನೆ ಬದಲಿಸಿದವಂತೆ.

ಐವರಲ್ಲಿ ಒಬ್ಬನ ಹೆಸರು ವಿಲಿಯಂ ಕಾರ್ನೆಗಿ. ಈ ಸಂಗತಿಯನ್ನು ಆತ್ಮಕಥೆಯಲ್ಲಿ ಬರೆದಿಟ್ಟವನು ಅವನ ಮಗ ಆಂಡ್ರ್ಯೂ. ಮುಂದೆ ಅಮೆರಿಕದ ಉಕ್ಕಿನ ದೊರೆ ಎನಿಸಿಕೊಂಡ ಅದೇ ಆಂಡ್ರ್ಯೂ ಕಾರ್ನೆಗಿ.

ಎಡಿನ್‌ಬರೋದಿಂದ ಫೋರ್ತ್ ಅಳಿವೆ ದಾಟಿದರೆ ಡನ್‌ಫರ್ಮ್‌ಲಿನ್. ಒಂದು ಕಾಲಕ್ಕೆ ಅರಸರ ಊರು; ರಾಬರ್ಟ್ ಬ್ರೂಸ್ ದೊರೆಯ ಸಮಾಧಿ ಇಲ್ಲಿನ ‘ಅಬ್ಬೆ’ ಎಂಬ ಕ್ರೈಸ್ತ ಮಠದ ಚರ್ಚಿನಲ್ಲಿದೆ. ಅರಸೊತ್ತಿಗೆ ಹೋದ ಮೇಲೆ ಊರಿಗೆ ಹೆಸರು ತಂದದ್ದು ಡಮಾಸ್ಕ್. ನೂಲಿಗೆ ಬಣ್ಣ ಹಾಕದೆ, ಬರಿಯ ಹಾಸು ಹೊಕ್ಕಿನ ಆಟದಲ್ಲೇ ಹೂಬಳ್ಳಿ ಮೂಡಿಸುವ ಲಿನನ್ ಬಟ್ಟೆ ಅದು. ಖಣ ನೇಯುವ ಊರಿನಲ್ಲಿ ಬೆಳೆದ ನನಗೆ ಆ ಊರಿನ ಮನೆಗಳು ಪರಿಚಿತವೆನಿಸುತ್ತವೆ. 1835ರ ನವೆಂಬರ್ 25ರಂದು ಆಂಡ್ರ್ಯೂ ಹುಟ್ಟಿದ ಮನೆಯನ್ನು ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕೆಳಗೆ ಮಗ್ಗ, ಮೇಲೆ ಮಾಳಿಗೆಯ ಒಂದೇ ಕೋಣೆಯಲ್ಲಿ ಸಂಸಾರ. ಲಾಳಿಯ ಸದ್ದು ಕೇಳುತ್ತಲೇ ಮಗು ಮಲಗಬೇಕು, ಏಳಬೇಕು. ಹಾಗಿದ್ದೂ ಅಲ್ಲಿನ ನೇಕಾರರು ಪುಸ್ತಕಕ್ಕೂ ಪತ್ರಿಕೆಗೂ ರಾಜಕೀಯಕ್ಕೂ ಹೊತ್ತು ಮಾಡಿಕೊಂಡಿದ್ದರು.

ಉಗಿಮಗ್ಗ ಬಂದು ಕೈಮಗ್ಗದವರ ಹೊಟ್ಟೆಯ ಮೇಲೆ ಹೊಡೆಯಿತು. ಕೆಲಸ ನಿಂತಿತು. ಮಗ್ಗಗಳನ್ನು ಹರಾಜಿಗೆ ಹಾಕಿದರೂ ಕೈಗೆ ಬಂದದ್ದು ಅಷ್ಟಕ್ಕಷ್ಟೇ. ಕೊನೆಗೆ ತಾಯಿ ಮಾರ್ಗರೆಟ್ ಗೆಳತಿಯೊಬ್ಬಳಿಂದ 20 ಪೌಂಡ್ ಸಾಲ ತಂದು, 1848ರಲ್ಲಿ ಸಂಸಾರ ಅಮೆರಿಕದ ಹಡಗು ಹತ್ತಿತು. ಆಂಡ್ರ್ಯೂಗೆ ಆಗ 12 ವರ್ಷ. ಪಿಟ್ಸ್‌ಬರ್ಗ್ ಪಕ್ಕದ ಅಲೆಗೆನಿಯಲ್ಲಿ ಹತ್ತಿ ಗಿರಣಿ ಸೇರಿ ಕಂಡಿಕೆ ಹುಡುಗನಾದ. ವಾರಕ್ಕೆ 1 ಡಾಲರ್ 20 ಸೆಂಟ್ ಕೂಲಿ. ತಾಯಿ ರಾತ್ರಿ ಕೂತು ಚಮ್ಮಾರರಿಗೆ ಬೂಟು ಹೊಲಿದುಕೊಡುತ್ತಿದ್ದಳು.

ಆಗ ಆ ಹುಡುಗನ ಪಾಲಿಗೆ ಬಂದವರು ಕರ್ನಲ್ ಜೇಮ್ಸ್ ಆಂಡರ್ಸನ್. ತಮ್ಮ ಸ್ವಂತದ 400 ಪುಸ್ತಕಗಳನ್ನು ದುಡಿಯುವ ಹುಡುಗರಿಗೆಂದು ತೆರೆದಿಟ್ಟರು. ಶನಿವಾರ ಬಂದು ಒಂದು ಪುಸ್ತಕ ಒಯ್ಯಬೇಕು, ಮುಂದಿನ ಶನಿವಾರ ಬದಲಿಸಬೇಕು. ಮುಂದೆ ಆ ಸಂಗ್ರಹ ದೊಡ್ಡದಾಗಿ ಬೆಳೆದಾಗ, ನಡೆಸುವವರು ಕರಾರಿನ ಮೇಲೆ ಕಸುಬು ಕಲಿಯುವ ಹುಡುಗರಿಗೆ ಮಾತ್ರ ಬಿಟ್ಟಿ, ಉಳಿದವರು ವರ್ಷಕ್ಕೆ 2 ಡಾಲರ್ ಕೊಡಬೇಕು ಎಂದರು. ತಂತಿ ಕೆಲಸ ಮಾಡುತ್ತಿದ್ದ ಆಂಡ್ರ್ಯೂ ಪತ್ರಿಕೆಗೆ ಕಾಗದ ಬರೆದು ಜಗಳ ತೆಗೆದ. ಅದು 1853, ಅವನಿಗಿನ್ನೂ 17. ಜಗಳದಲ್ಲಿ ಗೆದ್ದ ಕೂಡ. ಮುಂದೆ ಅವನು ಕೊಟ್ಟ ಕೋಟಿಗಟ್ಟಲೆ ದಾನಕ್ಕಿಂತ ಈ ಕಾಗದವೇ ನನಗೆ ಹೆಚ್ಚು ಇಷ್ಟ. ಪುಸ್ತಕ ನನ್ನ ಹಕ್ಕು ಎಂದು ಕೇಳಿದ ಧೈರ್ಯ ಅದರಲ್ಲಿದೆ.

1881ರ ಜುಲೈನಲ್ಲಿ ಅವನು ತಾಯಿಯನ್ನು ಕರೆದುಕೊಂಡು ಕುದುರೆ ಗಾಡಿಯಲ್ಲಿ ಹುಟ್ಟೂರಿಗೆ ಬಂದ. ಸಾಲ ಮಾಡಿ ಊರು ಬಿಟ್ಟ ಮಾರ್ಗರೆಟ್ 33 ವರ್ಷಗಳ ನಂತರ ಅದೇ ಊರಿನಲ್ಲಿ ಗ್ರಂಥಾಲಯಕ್ಕೆ ಅಡಿಗಲ್ಲು ಇಟ್ಟಳು. ಕಟ್ಟಡಕ್ಕೆ ಮಗ ಕೊಟ್ಟದ್ದು 8,000 ಪೌಂಡ್. ವಾಸ್ತುಶಿಲ್ಪಿ ಜೇಮ್ಸ್ ಕ್ಯಾಂಪ್‌ಬೆಲ್ ವಾಕರ್. ಬಾಗಿಲ ಮೇಲೆ ಕೆತ್ತಲು ವಂಶದ ಲಾಂಛನ ಕೊಡಿ ಎಂದು ಕೇಳಿದರೆ, ನೇಕಾರನ ಮಗನಿಗೆ ಎಲ್ಲಿಯ ಲಾಂಛನ? ಅದರ ಬದಲು ಕಿರಣ ಚೆಲ್ಲುತ್ತ ಮೂಡುವ ಸೂರ್ಯನನ್ನು ಕೆತ್ತಿ, ಬೆಳಕು ಬರಲಿ ಎಂಬರ್ಥದ ಮಾತು ಬರೆಯಿರಿ ಎಂದ. 1883ರ ಆಗಸ್ಟ್ 29ರಂದು ಬಾಗಿಲು ತೆರೆಯಿತು. ಜಗತ್ತಿನಲ್ಲಿ ಕಾರ್ನೆಗಿ ಹೆಸರಿನ ಗ್ರಂಥಾಲಯಗಳ ಸಾಲಿನಲ್ಲಿ ಇದೇ ಮೊದಲನೆಯದು. ಇದೂ ಸೇರಿ ಅವನ ದುಡ್ಡಿನಲ್ಲಿ ಒಟ್ಟು ಎದ್ದವು 2,509. ಅಮೆರಿಕ ಒಂದರಲ್ಲೇ 1,689.

ಆದರೆ ಇದನ್ನು ದೊಡ್ಡ ಮನುಷ್ಯನ ದಾನದ ಕಥೆ ಎಂದು ಮುಗಿಸಿದರೆ ಅರ್ಧ ಹೇಳಿದಂತೆ. ಅವನು ಕೊಡುತ್ತಿದ್ದದ್ದು ಬಹುಮಟ್ಟಿಗೆ ಕಟ್ಟಡ. ಜಾಗ ಊರಿನವರದು, ಪುಸ್ತಕ, ನೌಕರರ ಸಂಬಳ, ದೀಪದ ಖರ್ಚು ಊರಿನವರದು. ಬ್ರಿಟನ್ನಿನಲ್ಲಿ ಊರಿನವರು ಮೊದಲು ಗ್ರಂಥಾಲಯ ಕಾಯ್ದೆಯನ್ನು ಒಪ್ಪಿಕೊಂಡು, ಆಸ್ತಿಯ ವಾರ್ಷಿಕ ಬಾಡಿಗೆ ಮೌಲ್ಯದಲ್ಲಿ ಪೌಂಡಿಗೆ ಒಂದು ಪೆನ್ನಿಯ ಲೆಕ್ಕದಲ್ಲಿ ತೆರಿಗೆ ಹಾಕಿಕೊಳ್ಳಬೇಕಿತ್ತು. ಅಮೆರಿಕದಲ್ಲಾದರೆ ದಾನದ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷ ಖರ್ಚು ಮಾಡುವ ವಾಗ್ದಾನ ಬೇಕಿತ್ತು. ಬೇಡವೆಂದ ಊರುಗಳೂ ಇದ್ದವು. 1892ರಲ್ಲಿ ಅವನ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ಮುಷ್ಕರ ನಡೆದು ಹೆಣಗಳು ಬಿದ್ದಿದ್ದವು. ದಿನಕ್ಕೆ 12 ತಾಸು ಕುಲುಮೆಯ ಮುಂದೆ ಬೆಂದವನು ಯಾವಾಗ ಓದಬೇಕು ಎಂದು ಕಾರ್ಮಿಕರು ಕೇಳಿದರು. ಆ ಪ್ರಶ್ನೆ ನ್ಯಾಯದ್ದು. ಅಪ್ಪನ ಮಗ್ಗದ ಮನೆಯಲ್ಲಿ ಕೆಲಸವೂ ಓದೂ ಒಂದೇ ಸೂರಿನಡಿ ಇದ್ದವು. ಮಗನ ಕಾರ್ಖಾನೆಯಲ್ಲಿ ಆ ಬಿಡುವು ಇರಲಿಲ್ಲ.

ಪೌಂಡಿಗೊಂದು ಪೆನ್ನಿಯ ವಿಚಾರ ಓದಿದಾಗ ನಾನು ಮನೆ ಕಂದಾಯದ ರಸೀದಿ ಹುಡುಕಿ ತೆಗೆದೆ. ಅದರಲ್ಲೂ ‘ಗ್ರಂಥಾಲಯ ಕರ’ ಎಂಬ ಒಂದು ಸಾಲಿದೆ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. 2,000 ರೂಪಾಯಿ ಕಂದಾಯ ಕಟ್ಟುವವನು 120 ರೂಪಾಯಿಯನ್ನು ಪುಸ್ತಕಕ್ಕೆಂದು ಕೊಡುತ್ತಾನೆ. ಇಷ್ಟು ವರ್ಷ ಕಟ್ಟಿಯೂ ಆ ಸಾಲನ್ನು ನಾನು ಬೆರಳಿಟ್ಟು ಓದಿರಲಿಲ್ಲ. ನಮ್ಮೂರ ವಾಚನಾಲಯದ ಮರದ ಬೆಂಚು, ಹಗ್ಗದ ಮೇಲೆ ಜೋತುಬಿಟ್ಟ ವಾರಪತ್ರಿಕೆ, ಅಂಚು ಸವೆದ ಕಾದಂಬರಿ, ಅದರ ಹಿಂದಿನ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಒಂದರ ಕೆಳಗೊಂದು ಬಿದ್ದ ತಾರೀಕಿನ ಮುದ್ರೆಗಳು. ಅದರಲ್ಲೆಲ್ಲ ನಮ್ಮ ಮನೆಯದೂ ಒಂದಿಷ್ಟು ಪೈಸೆ ಇದೆ ಎಂದು ತಿಳಿದು ಮನಸ್ಸು ತುಂಬಿ ಬಂತು. ಪುಸ್ತಕ ಹಿಂತಿರುಗಿಸಲು ತಡಮಾಡುವವರಿಗೂ ಹೊಸ ಪುಸ್ತಕ ಬರದಿದ್ದರೂ ಸುಮ್ಮನಿರುವವರಿಗೂ ಈ ಸಾಲನ್ನು ತೋರಿಸಬೇಕು.

ಡನ್‌ಫರ್ಮ್‌ಲಿನ್ನಿನ ಕಟ್ಟಡ ಆಮೇಲೆ ಹಲವು ಸಲ ಹಿಗ್ಗಿತು. 2017ರಲ್ಲಿ ರಿಚರ್ಡ್ ಮರ್ಫಿ ಅವರ ವಿನ್ಯಾಸದ ಹೊಸ ಭಾಗ ಸೇರಿತು. ಊರಿನ ದಾಖಲೆಗಳು, ಚಿತ್ರಶಾಲೆ, ವಸ್ತುಸಂಗ್ರಹಾಲಯ ಎಲ್ಲವೂ ಈಗ ಗ್ರಂಥಾಲಯದ ಜೊತೆಗೇ ಇವೆ. ಅಲ್ಲಿಟ್ಟಿರುವ ವಸ್ತುಗಳಲ್ಲಿ ಒಂದು ಭಾರಿ ಮಗ್ಗವೂ ಸೇರಿದೆ. ಪುಸ್ತಕ ಬದಲಿಸಲು ಬಂದ ಮಕ್ಕಳು ಅದನ್ನು ನೋಡಿಕೊಂಡು ಹೋಗಬಹುದು.