ಕುದುರೆಯ ಹಟದ ಹಿಂದೆ ನೋವಿರಬಹುದು!

ಬಳ್ಳಾರಿಯಲ್ಲೋ, ಸಿರುಗುಪ್ಪ, ಕುರುಗೋಡಿನ ಬೀದಿಯಲ್ಲೋ ಮದುವೆ ಮೆರವಣಿಗೆ ಹೊರಟಿದೆ ಎಂದುಕೊಳ್ಳಿ. ಮದುಮಗನನ್ನು ಹೊತ್ತ ಕುದುರೆ ಇದ್ದಕ್ಕಿದ್ದಂತೆ ತಲೆ ಕೊಡವುತ್ತದೆ. ಹೆಜ್ಜೆ ಮುಂದಿಡುವುದಿಲ್ಲ. "ಭಾರೀ ತುಂಟ ಕುದುರೆ, ಎರಡು ಬಿಗಿದರೆ ಸರಿಹೋಗುತ್ತದೆ" ಎನ್ನುತ್ತಾರೆ ಜನ. ಆದರೆ ಮಾತು ಬಾರದ ಕೂಸು ರಚ್ಚೆ ಹಿಡಿದಾಗ ನೀವು ಅದಕ್ಕೆ ಹೊಡೆಯುತ್ತೀರಾ? ಕಿವಿ ನೋವೇ, ಹೊಟ್ಟೆ ನೋವೇ ಎಂದು ಮೊದಲು ನೋಡುತ್ತೀರಿ. ಕುದುರೆಯನ್ನೂ ಹಾಗೆಯೇ ನೋಡಬೇಕು.

ಕಾಡಿನಲ್ಲಿ ಕುದುರೆ ಬೇಟೆಗೆ ಗುರಿಯಾಗುವ ಪ್ರಾಣಿ. ತನ್ನ ದೌರ್ಬಲ್ಯ ತೋರಿಸಿದರೆ ಅದಕ್ಕೆ ಅಪಾಯ. ಆದ್ದರಿಂದ ಅದು ನೋವನ್ನು ಅಡಗಿಸಿಡುತ್ತದೆ. ಅನೇಕ ವೇಳೆ ನಮಗೆ ಕಾಣುವುದು ಅದರ ಸ್ವಭಾವದ ಬದಲಾವಣೆ ಮಾತ್ರ. ಸಾಧು ಕುದುರೆ ಕಚ್ಚಲು ಬರುತ್ತದೆ, ಚುರುಕಾಗಿದ್ದದ್ದು ಮಂಕಾಗುತ್ತದೆ.

ಲಗಾಮು ಹಾಕುವಾಗ ತಲೆ ಎತ್ತಿ ಕೊಸರಾಡುತ್ತಿದೆಯೇ? ಅಗಿದ ಮೇವು ಬಾಯಿಂದ ಬೀಳುತ್ತಿದೆಯೇ? ಸವೆದ ಹಲ್ಲಿನ ಅಂಚು ಹರಿತವಾಗಿ ಕೆನ್ನೆಯ ಒಳಭಾಗವನ್ನು ಗಾಯಗೊಳಿಸಿರಬಹುದು. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬಂದರೆ, ಬೆನ್ನಿನಲ್ಲಿ ಉಜ್ಜಿದ ಹುಣ್ಣಿದೆಯೇ ನೋಡಿ. ನಡೆಯಲು ಹಿಂಜರಿದರೆ ಗೊರಸು ನೋಡಿ. ಸಾಮಾನ್ಯವಾಗಿ 6ರಿಂದ 8 ವಾರಗಳಿಗೊಮ್ಮೆ ಗೊರಸು ಕತ್ತರಿಸಿ ಲಾಳ ಸರಿಪಡಿಸಬೇಕು.

ಹೊಟ್ಟೆಶೂಲೆಯಂತೂ ಪ್ರಾಣಕ್ಕೇ ಅಪಾಯ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಅದು ಕಾಲಿನಿಂದ ನೆಲ ಕೆರೆಯುತ್ತ, ಹೊಟ್ಟೆಯತ್ತ ತಿರುಗಿ ನೋಡುತ್ತ, ಮತ್ತೆ ಮತ್ತೆ ಮಲಗಿ ಹೊರಳಾಡಿದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಪಶು ಸಹಾಯವಾಣಿಯ ಸಂಖ್ಯೆ 1962. ಮದುವೆ ಮನೆಯಲ್ಲಿ ಉಳಿದ ಅನ್ನ, ಹಿಟ್ಟನ್ನು ಕರುಣೆಯಿಂದಲೇ ಆದರೂ ಅದರ ಮುಂದೆ ಸುರಿಯಬೇಡಿ. ಇದ್ದಕ್ಕಿದ್ದಂತೆ ಹೆಚ್ಚು ಧಾನ್ಯ ತಿಂದರೂ ಶೂಲೆ ಬರುತ್ತದೆ.

ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ ಸವಾರಿ ಕುದುರೆಗಳ 24 ವರ್ತನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅವುಗಳಲ್ಲಿ 8 ಅಥವಾ ಹೆಚ್ಚು ಕಂಡರೆ ಕುದುರೆಗೆ ನೋವಿರುವ ಸಾಧ್ಯತೆ ಹೆಚ್ಚು. ನೋವಿನ ಜಾಗವನ್ನು ಮರಗಟ್ಟಿಸಿದಾಗ ಅವೇ ಕುದುರೆಗಳಲ್ಲಿ ಆ ವರ್ತನೆಗಳು ಕಡಿಮೆಯಾದವು. ಹಾಗಾದರೆ ನಾವು ಹಟವೆಂದು ಕರೆದದ್ದು ಏನು?

ಬಳ್ಳಾರಿ ಸೀಮೆಯ ಬಿಸಿಲು ನಿಮಗೆ ಗೊತ್ತು. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಎಳೆಯಲು, ಹೊರೆ ಹೊರಲು ಪ್ರಾಣಿಗಳನ್ನು ಬಳಸಬಾರದೆಂದು 1965ರ ಕೇಂದ್ರ ನಿಯಮಗಳೇ ಹೇಳುತ್ತವೆ. ಮುಳ್ಳಿನ ಕಡಿವಾಣವೂ ನಿಷಿದ್ಧ.

ಅನ್ಸಾರಿಯೊಬ್ಬರ ತೋಟದಲ್ಲಿ ಒಂಟೆಯೊಂದು ಪ್ರವಾದಿವರ್ಯರನ್ನು(ಸ) ಕಂಡು ಕಣ್ಣೀರಿಟ್ಟ ಘಟನೆ ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ಅವರು ಅದರ ತಲೆ ನೇವರಿಸಿ ಸಂತೈಸಿದರು. ಬಳಿಕ ಒಡೆಯನನ್ನು ಕರೆದು, ಅದನ್ನು ಹಸಿವಿನಲ್ಲಿಟ್ಟು ಮಿತಿಮೀರಿ ದುಡಿಸುತ್ತಿರುವುದಕ್ಕೆ ಎಚ್ಚರಿಸಿದರು.

ಸಹೋದರಿಯರೇ, ಕುದುರೆಯ ದುಡಿಮೆಯಿಂದ ಒಲೆ ಉರಿಯುವ ಮನೆ ನಿಮ್ಮದಾದರೆ, ಮೇವು ನೀರು ಇಡುವಾಗ ದಿನಕ್ಕೊಮ್ಮೆ ಅದರ ಬಾಯಿ, ಬೆನ್ನು, ಗೊರಸು ನೋಡಿ. ಅದು ಮಲಗಿದರೆ ನಿಮ್ಮ ಸಂಪಾದನೆಯೂ ನಿಲ್ಲುತ್ತದೆ. ಮದುವೆಗೆ ಕುದುರೆ ಗೊತ್ತುಮಾಡುವವರಾದರೆ, ಬೆನ್ನಿನಲ್ಲಿ ಹುಣ್ಣು ಕಂಡ ಕುದುರೆ ಬೇಡವೆಂದು ಹೇಳಿ. ಅದು ವಾಸಿಯಾಗುವವರೆಗೆ ವಿಶ್ರಾಂತಿ ಕೊಡಲು ಒಡೆಯನಿಗೂ ತಿಳಿಸಿ.